ಕಿಟಕಿಗೆ ಅಡ್ಡ ಬಂದ ಮೀಟರು

ಮೇಸ್ತ್ರಿ ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ದೊಡ್ಡದೊಂದು ಚೌಕ ಬರೆದ. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನೋಡಿದ. ಚೌಕ ಲಕ್ಷಣವಾಗಿಯೇ ಇತ್ತು. ಅದರ ನಟ್ಟನಡುವೆ, ಮುಖದಲ್ಲಿ ಮೂಗು ಕೂತ ಹಾಗೆ, ಗ್ಯಾಸ್ ಮೀಟರು ಕೂತಿತ್ತು.

“ಇದು ಇಲ್ಲಿಂದ ಏಳಬೇಕು ಸಾರ್,” ಅಂದ.

“ಏಳುತ್ತೆ, ಏಳುತ್ತೆ. ಗ್ಯಾಸ್ ಆಫೀಸಿಗೆ ಅರ್ಜಿ ಕೊಟ್ಟಿದೀನಿ. ಬರ್ತಾರೆ ಅಂದಿದಾರೆ.”

“ಯಾವಾಗ?”

“ಬರ್ತಾರೆ ಅಂದಿದಾರೆ.”

ಮೇಸ್ತ್ರಿ ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿಕೊಂಡ. “ನೋಡಿ ಸಾರ್, ನಾಳೆಯಿಂದ ಬೇರೆ ಕಡೆ ಮಾತು ಕೊಟ್ಟಾಗಿದೆ. ದೊಡ್ಡ ಕಟ್ಟಡ, ಒಂದ್ಸಲ ಒಳಗೆ ಹೋದ್ರೆ ಯಾವಾಗ ಹೊರಗೆ ಬರ್ತೀನೋ ನನಗೇ ಗೊತ್ತಿಲ್ಲ. ಇವತ್ತು ಸಂಜೆ ಒಳಗೆ ಈ ಡಬ್ಬ ಎದ್ರೆ, ಗೋಡೆ ಒಡೆದು ಕಿಟಕಿ ಚೌಕಟ್ಟು ಕೂರಿಸಿ ಹೋಗ್ತೀನಿ. ಏಳಲಿಲ್ಲ ಅಂದ್ರೆ ಗಿಲಾವು ಬಳಿದು ಹೋಗ್ತೀನಿ. ಆಮೇಲೆ ನನ್ನ ಬೈಬಾರ್ದು.”

“ಶ್! ಮೆತ್ತಗೆ!” ಎಂದು ಮನೆಯ ಯಜಮಾನ ಹೌಹಾರಿ ಬಾಗಿಲ ಕಡೆ ನೋಡಿದ. “ಆ ಹೆಸರು ಎತ್ತಬೇಡಿ ಅಂದಿರಲಿಲ್ವಾ? ಯಾರಾದ್ರೂ ಕೇಳಿದ್ರೆ ಕಪಾಟು ಅನ್ನಿ.”

ಆ ಗೋಡೆಗೆ ಕಿಟಕಿ ಬರಲಿದೆ ಎಂಬುದು ಮೂವರಿಗೆ ಮಾತ್ರ ಗೊತ್ತಿದ್ದ ಗುಟ್ಟು. ಒಬ್ಬ ಮೇಸ್ತ್ರಿ, ಇನ್ನೊಬ್ಬ ಚೌಕಟ್ಟು ಮಾಡುತ್ತಿದ್ದ ಬಡಗಿ, ಮೂರನೆಯವನು ಈ ಯಜಮಾನ. ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಲೈಬ್ರರಿ ಸಾರ್’ ಎಂದು. ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ. ಮೀಸೆ ಮೂಡಿದ ಕಾಲದಿಂದ ಓದುಗರಿಗೆ ‘ಶ್, ಶ್’ ಎನ್ನುತ್ತಾ ಬಂದವನ ದನಿ, ಬಹಳ ಒಗೆದ ಬಟ್ಟೆಯ ಬಣ್ಣದಂತೆ ಮಾಸಿಹೋಗಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹೇಳುತ್ತಾರಲ್ಲ, ಆ ಲೆಕ್ಕದಲ್ಲಿ ಅವನಷ್ಟು ಬಂಗಾರ ಕೂಡಿಟ್ಟವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

ಕಿಟಕಿ ಬೇಕಾಗಿದ್ದುದು ಅವನಿಗಲ್ಲ, ಹೆಂಡತಿಗೆ. ಆಕೆ ಮದುವೆಯಾಗಿ ಬಂದಾಗಿನಿಂದ ಆ ಗೋಡೆಗೇ ಮುಖ ಮಾಡಿಕೊಂಡು ಬೇಯಿಸಿದ್ದಳು, ಅದೇ ಗೋಡೆಗೆ ಮುಖ ಮಾಡಿಕೊಂಡು ಪಾತ್ರೆ ತೊಳೆದಿದ್ದಳು. ಮಟಮಟ ಮಧ್ಯಾಹ್ನವೂ ಆ ಅಡುಗೆಮನೆಗೆ ದೀಪ ಹಾಕಬೇಕು. ಒಮ್ಮೆ ಯಾರದೋ ಹೊಸ ಮನೆ ನೋಡಲು ಹೋಗಿದ್ದಾಗ ಆಕೆ ಅವರ ಅಡುಗೆಮನೆಯ ಕಿಟಕಿಯ ಮುಂದೆ ನಿಂತವಳು ಅಲ್ಲೇ ನಿಂತುಬಿಟ್ಟಳು. ತಲೆ ಸುತ್ತು ಬಂತೇನೋ ಎಂದು ಆ ಮನೆಯವರು ಕುರ್ಚಿ ತಂದಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಆಡಿದ್ದು ಒಂದೇ ಮಾತು: “ಅವರ ಮನೇಲಿ ಪಾತ್ರೆ ತೊಳೆಯೋವಾಗ ಮರ ಕಾಣತ್ತೆ ಕಣ್ರೀ.”

ಅದನ್ನು ಆಕೆ ಮತ್ತೆ ಎತ್ತಲಿಲ್ಲ. ಕೇಳಿ ಪಡೆಯುವ ಜಾತಿಯ ಹೆಂಗಸಲ್ಲ. ಕೇಳದೆ ಕೊಡುವ ಜಾತಿಯ ಗಂಡಸು ತಾನಾಗಬೇಕೆಂದು ಇವನಿಗೆ ಆಸೆಯಿತ್ತು, ಆದರೆ ಆಸೆಗೂ ಅವನಿಗೂ ನಡುವೆ ಯಾವಾಗಲೂ ಏನಾದರೊಂದು ಅಡ್ಡ ನಿಂತಿರುತ್ತಿತ್ತು. ಈಗ ಮನೆಯನ್ನು ರಿಪೇರಿಗೆ ಎತ್ತಿಕೊಂಡಾಗ, ಧೂಳಿಗೆ ಕೆಮ್ಮು ಬರುತ್ತದೆಂದು ಹೆಂಡತಿಯನ್ನು ಅವಳ ಅಕ್ಕನ ಮನೆಗೆ ಕಳಿಸಿದ್ದ. ಅವಳು ಬರುವುದು ಇವತ್ತು ಸಂಜೆ. ಬಂದು ಅಡುಗೆಮನೆಗೆ ಕಾಲಿಟ್ಟರೆ ಅಲ್ಲಿ ಬೆಳಕು ತುಂಬಿರಬೇಕು, ಆಚೆ ಪಕ್ಕದ ಮನೆಯ ಹಿತ್ತಲಿನ ಮರ ಕಾಣಬೇಕು. ಅವಳು ಏನೂ ಹೇಳಬೇಕಾಗಿಲ್ಲ, ಸುಮ್ಮನೆ ನಿಂತರೆ ಸಾಕು. ಅಷ್ಟನ್ನು ನೆನೆಸಿಕೊಂಡು ಅವನು ವಾರಗಟ್ಟಲೆ ತನ್ನಷ್ಟಕ್ಕೆ ನಗುತ್ತಿದ್ದ.

“ಏನು ಲೈಬ್ರರಿ ಸಾರ್, ಬೆಳಿಗ್ಗೆನೇ ಮುಖ ಬಾಡಿದೆ?”

ಗೇಟಿನಾಚೆ ನಿಂತು ಕೇಳಿದವರು ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು. ಅವರು ನಿವೃತ್ತರಾಗಿದ್ದುದು ಶಾಲೆಯಿಂದ ಮಾತ್ರ. ಬೀದಿಯವರನ್ನು ತಿದ್ದುವ ಕೆಲಸದಲ್ಲಿ ಇನ್ನೂ ಸೇವೆಯಲ್ಲೇ ಇದ್ದರು.

“ಏನಿಲ್ಲ ಸಾರ್. ಅಡುಗೆಮನೆ ಗ್ಯಾಸ್ ಮೀಟರು ಎದುರಿನ ಗೋಡೆಗೆ ಹಾಕಿಸಬೇಕಿತ್ತು. ಅರ್ಜಿ ಕೊಟ್ಟಿದೀನಿ…”

“ಅರ್ಜಿ ಕೊಟ್ಟು ನಂಬ್ಕೊಂಡು ಕೂತಿದೀರಾ?” ಮೇಷ್ಟ್ರು ಹಣೆ ಚಚ್ಚಿಕೊಂಡರು. “ಅರ್ಜಿ ಅನ್ನೋದು ಕೆಲಸ ಆದ್ಮೇಲೆ ಫೈಲಿಗೆ ಹಾಕೋ ಕಾಗದ ಕಣ್ರೀ. ಕೆಲಸ ಆಗೋದು ಪರಿಚಯದಿಂದ. ಗ್ಯಾಸ್ ಆಫೀಸಿನ ಇಂಜಿನಿಯರು ಯಾರು ಗೊತ್ತಾ? ನನ್ನ ಶಿಷ್ಯ! ಮಗ್ಗಿ ಬಾರದೆ ವರ್ಷ ಪೂರ್ತಿ ಬೆಂಚಿನ ಮೇಲೆ ನಿಂತೇ ಓದಿದ. ಒಂದು ಫೋನ್ ಮಾಡಿದ್ರೆ ಓಡಿ ಬರ್ತಾನೆ.”

ಮೇಲಿನಿಂದ ಗಂಟಲು ಸರಿಪಡಿಸಿಕೊಂಡ ಸದ್ದು ಬಂತು. ಮಹಡಿಯಲ್ಲಿ ಬಾಡಿಗೆಗಿದ್ದ, ಬೀದಿಯವರೆಲ್ಲ ‘ಮಹಡಿ ಅಕ್ಕ’ ಎನ್ನುತ್ತಿದ್ದ ಹೆಂಗಸು, ಹೂಕುಂಡಗಳ ನಡುವೆ ತಲೆ ತೂರಿಸಿ ನಿಂತಿದ್ದಳು. ಆ ಕುಂಡಗಳ ನೀರು ಮೇಷ್ಟ್ರ ಅಂಗಳದಲ್ಲಿ ಮೇಷ್ಟ್ರ ದಿನಪತ್ರಿಕೆಯ ಮೇಲೆಯೇ ಬೀಳುತ್ತಿತ್ತಾಗಿ, ಇಬ್ಬರಿಗೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಒಬ್ಬರಿಗೊಬ್ಬರು ಏನಾದರೂ ಹೇಳಲೇಬೇಕಾದಾಗ ಲೈಬ್ರರಿ ಸಾರ್ ಮುಖಾಂತರ ಹೇಳಿಸಿಕೊಳ್ಳುತ್ತಿದ್ದರು, ಅವನು ಒಂದು ಟಪಾಲು ಪೆಟ್ಟಿಗೆ ಎನ್ನುವ ಹಾಗೆ.

“ಲೈಬ್ರರಿ ಸಾರ್, ಕೆಲವರಿಗೆ ಹೇಳಿ,” ಎಂದಳು ಮಹಡಿ ಅಕ್ಕ. “ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರಿಗೆ ಯಾವ ಶಿಷ್ಯನೂ ಓಡಿ ಬರಲ್ಲ, ನೋಡಿದ್ರೆ ಓಡಿ ಹೋಗ್ತಾನೆ. ನಮ್ಮ ತಂಗಿ ಯಜಮಾನ್ರು ಅದೇ ಆಫೀಸಲ್ಲಿ ಸೂಪರ್‌ವೈಸರು. ನಾನು ಹೇಳಿದ್ರೆ ಊಟ ಬಿಟ್ಟು ಎದ್ದು ಬರ್ತಾರೆ.”

“ಲೈಬ್ರರಿ ಸಾರ್, ಸೂಪರ್‌ವೈಸರು ದೊಡ್ಡೋನೋ ಇಂಜಿನಿಯರು ದೊಡ್ಡೋನೋ ಅಂತ ಕೇಳಿ,” ಎಂದರು ಮೇಷ್ಟ್ರು ಆಕಾಶ ನೋಡುತ್ತಾ.

“ಅಲ್ಲ, ಅರ್ಜಿ ಕೊಟ್ಟಿದೀನಿ, ಅವರೇ ಬರ್ತಾರೆ…” ಎಂದ ಲೈಬ್ರರಿ ಸಾರ್. ಅಷ್ಟು ಹೇಳುವುದರೊಳಗೆ ಕೆಳಗಿನ ಫೋನೂ ಮೇಲಿನ ಫೋನೂ ಕಿವಿಗೇರಿದ್ದವು. ಬೇಡ ಎಂಬ ಮಾತು ಅವನ ಬಾಯಲ್ಲಿ ಹುಟ್ಟಿ ಬೆಳೆದು ಹೊರಗೆ ಬರುವಷ್ಟರಲ್ಲಿ, ಬೇಡದ್ದೆಲ್ಲ ಆಗಿ ಹೋಗಿರುತ್ತಿತ್ತು. ಮೀಟರು ಯಾಕೆ ಏಳಬೇಕು ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಅದಕ್ಕೆ ಮಾತ್ರ ಅವನು ಮನಸ್ಸಿನಲ್ಲಿ ಕೈಮುಗಿದ. ಮಹಡಿ ಅಕ್ಕನಿಗೆ ಹೇಳಿದ ಗುಟ್ಟೂ ಜರಡಿಗೆ ಹೊಯ್ದ ನೀರೂ ಒಂದೇ. ಕಿಟಕಿ ಎಂದು ಕಿವಿಗೆ ಬಿದ್ದರೆ ಸಾಕು, ಮರುಕ್ಷಣ ಅದು ಫೋನಿನಲ್ಲಿ ಹೆಂಡತಿಗೆ ಮುಟ್ಟುತ್ತಿತ್ತು.

ಕಾದ. ಯಾರೂ ಬರಲಿಲ್ಲ. ಮೇಸ್ತ್ರಿ ಬೇರೆ ಕೆಲಸವಿಲ್ಲದೆ ಬಚ್ಚಲುಮನೆಯ ಹೊಸ್ತಿಲು ಕೆತ್ತುತ್ತಾ, ಕೆತ್ತುವ ನಡುನಡುವೆ ನಿಟ್ಟುಸಿರು ಬಿಡುತ್ತಾ ಕೂತ. ಆ ನಿಟ್ಟುಸಿರು ಕೇಳಲಾರದೆ ಲೈಬ್ರರಿ ಸಾರ್ ಗ್ಯಾಸ್ ಆಫೀಸಿಗೆ ಫೋನ್ ಮಾಡಿದ.

“ಜೋರಾಗಿ ಮಾತಾಡಿ,” ಎಂದಿತು ಆ ಕಡೆಯ ದನಿ.

“ಮೀಟರು ಸರಿಸೋದಕ್ಕೆ…”

“ಯಾರು ಸತ್ತಿದ್ದು?”

“ಸರಿಸೋದಕ್ಕೆ! ಮೀಟರು!”

“ಓ. ಬರ್ತಾರೆ.”

ಫೋನು ಕಟ್ಟಾಯಿತು. ನಂಬಿಕೆ ಬಾರದೆ ತಾನೇ ಹೊರಟ. ಗ್ಯಾಸ್ ಆಫೀಸಿನ ಗಾಜಿನ ಕಿಂಡಿಯ ಹಿಂದೆ ಒಬ್ಬ ಹೆಂಗಸು ಕೂತಿದ್ದಳು. ಅವಳ ಮುಂದೆ ಸಾಲು, ಸಾಲಿನಲ್ಲಿದ್ದವರಿಗೆಲ್ಲ ಅವಳು ಕೊಡುತ್ತಿದ್ದುದು ಅದೇ ಒಂದು ಉತ್ತರ. ಇವನ ಸರದಿ ಬಂದಾಗ ಸ್ವಲ್ಪ ಹೆಚ್ಚಿಗೆ ಹೇಳಿದಳು: “ನಿಮ್ಮ ಕಡೆಗೆ ಯಾರೋ ಹೊರಟಿದಾರೆ ಅನ್ಸತ್ತೆ.”

“ಯಾರು ಮೇಡಂ?”

“ಅದು ಗೊತ್ತಿಲ್ಲ. ಮನೇಲಿ ಯಾರಾದ್ರೂ ಇರಬೇಕು ಮತ್ತೆ. ನೀವು ಇಲ್ಲಿ ನಿಂತ್ರೆ ಹೇಗೆ?”

ಮೆಟ್ಟಿಲು ಇಳಿಯುವಾಗ ಹೆಂಡತಿಯ ಫೋನು.

“ಮೀಟರು ಯಾಕ್ರೀ ಸರಿಸ್ತಿದೀರಾ? ಮಹಡಿ ಅಕ್ಕ ಹೇಳಿದ್ರು.”

“ಅದು… ಕಪಾಟು. ಕಪಾಟು ಮಾಡಿಸ್ತಿದೀನಿ.”

“ಆ ಗೋಡೆಗಾ? ಬೇಡಪ್ಪ! ಮೊದಲೇ ಗವಿ ಥರ ಇದೆ, ಕಪಾಟು ಬೇರೆ ಬಂದ್ರೆ ಇನ್ನೂ ಕತ್ತಲಾಗತ್ತೆ.” ಮತ್ತೆ ತಾನೇ, “ಹೋಗ್ಲಿ ಬಿಡಿ. ನಿಮಗೆ ಬೇಕಿದ್ರೆ ಮಾಡಿಸಿ. ನನಗೇನು, ಅಭ್ಯಾಸ ಆಗಿದೆ,” ಎಂದಳು.

ಆ ಕೊನೆಯ ಮಾತು ಅವನಿಗೆ ಚುಚ್ಚಿತು. ಬೀದಿಯ ನಡುವೆ ನಿಂತು ‘ಕಪಾಟಲ್ಲ ಕಣೇ!’ ಎಂದು ಕೂಗಿಬಿಡಬೇಕೆನಿಸಿತು. ನಾಲಿಗೆ ಕಚ್ಚಿಕೊಂಡು ಬಸ್ಸು ಹತ್ತಿದ.

ಮನೆಗೆ ಬಂದವನು ಅಡುಗೆಮನೆಯ ಬಾಗಿಲಲ್ಲೇ ನಿಂತ. ಸೀಮೆಸುಣ್ಣದ ಚೌಕ ಖಾಲಿಯಾಗಿತ್ತು! ನಡುವೆ ಒಂದು ತೂತು, ಒಂದೆರಡು ಮೊಳೆಗುರುತು, ಅಷ್ಟೆ. ಮೀಟರು ಎದುರಿನ ಗೋಡೆಯಲ್ಲಿ, ಹಿತ್ತಲ ಬಾಗಿಲ ಪಕ್ಕ, ಎಲ್ಲಿರಬೇಕೋ ಅಲ್ಲಿ, ತಾನು ಹುಟ್ಟಿದ್ದೇ ಅಲ್ಲಿ ಎನ್ನುವ ಹಾಗೆ ಕೂತಿತ್ತು. ಪೈಪನ್ನು ಹೊರಗಿನಿಂದಲೇ ಸುತ್ತಿಸಿ ತಂದಿದ್ದರು.

“ಹೇಗೆ?” ಎಂದಳು ಮಹಡಿ ಅಕ್ಕ, ಸೊಂಟಕ್ಕೆ ಕೈಯಿಟ್ಟು. “ನಮ್ಮ ತಂಗಿ ಯಜಮಾನ್ರು ಖುದ್ದಾಗಿ ಬಂದಿದ್ರು. ನಾನು ನಿಂತು ಮಾಡಿಸಿದೆ. ಕೆಲವರ ಶಿಷ್ಯರು ಇನ್ನೂ ಬೆಂಚಿನ ಮೇಲೇ ನಿಂತಿರಬೇಕು ಪಾಪ.”

ಲೈಬ್ರರಿ ಸಾರ್‌ಗೆ ಕಣ್ಣು ತುಂಬಿ ಬಂತು. ಆಕೆಯ ಕಾಲಿಗೆ ಬೀಳುವುದೊಂದು ಬಾಕಿ. ಆಕೆ ಆಕಳಿಸುತ್ತಾ ಮಧ್ಯಾಹ್ನದ ನಿದ್ದೆಗೆಂದು ಮೇಲೆ ಹೋದಳು. ಆ ನಿದ್ದೆಗೆ ಬೀದಿಯಲ್ಲಿ ಒಂದು ಗೌರವವಿತ್ತು, ಮನೆಗೆ ಬೆಂಕಿ ಬಿದ್ದರೂ ಅವಳನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ.

“ನಡೀರಿ ಸಾರ್, ಚೌಕಟ್ಟು ತಂದುಬಿಡೋಣ. ತಂದ ತಕ್ಷಣ ಗೋಡೆಗೆ ಕೈ ಹಾಕ್ತೀನಿ,” ಎಂದ ಮೇಸ್ತ್ರಿ. ಬೆಳಗಿನಿಂದ ಮೊದಲ ಸಲ ಅವನ ಮುಖದಲ್ಲಿ ಕಳೆ ಕಂಡಿತು. ಬಡಗಿಯ ಅಂಗಡಿಯಿಂದ ಚೌಕಟ್ಟು ಹೊತ್ತು ತರಲು ಇಬ್ಬರು ಬೇಕು. ಬಣ್ಣದವರು ಸಾಮಾನು ಇಳಿಸಲು ಬರುವವರಿದ್ದರಾದ್ದರಿಂದ ಯಾರ ಹತ್ತಿರವಾದರೂ ಕೀಲಿಕೈ ಕೊಟ್ಟು ಹೋಗಬೇಕು. ಮಹಡಿ ಅಕ್ಕ ಮಲಗಿದ್ದಾಳೆ. ಉಳಿದವರು ಮೇಷ್ಟ್ರು.

ಮೇಷ್ಟ್ರು ಜಗಲಿಯಲ್ಲಿ ಕೂತು, ಹೂಕುಂಡದ ನೀರಿಗೆ ನೆನೆದು ಉಬ್ಬಿದ ಪತ್ರಿಕೆಯ ಹಾಳೆ ಬಿಡಿಸುತ್ತಿದ್ದರು. “ನನ್ನ ಶಿಷ್ಯ ಫೋನ್ ಮಾಡಿದ್ದ ಕಣ್ರೀ, ಹುಡುಗರನ್ನ ಕಳಿಸಿದಾನಂತೆ. ಬರ್ತಿದಾರೆ. ನೀವು ಇನ್ನು ಚಿಂತೆ ಬಿಡಿ!” ಎಂದರು. ಅವರ ಮುಖದಲ್ಲಿ ಅಂಥ ಸಂಭ್ರಮವಿತ್ತು. ‘ಮೀಟರು ಆಗಲೇ ಸರಿಸಿ ಆಯಿತು, ಮಹಡಿ ಅಕ್ಕನ ಕಡೆಯವರು ಬಂದಿದ್ದರು’ ಎನ್ನುವ ಮಾತು ಲೈಬ್ರರಿ ಸಾರ್‌ನ ತುಟಿಯವರೆಗೆ ಬಂತು. ವಯಸ್ಸಾದ ಮನುಷ್ಯ, ಸೋತೆ ಎಂದು ಗೊತ್ತಾದರೆ ಇವತ್ತಿನ ಊಟ ಸೇರುವುದಿಲ್ಲ. ಹುಡುಗರು ಬಂದು ನೋಡಿದರೆ ತಾವೇ ತಿಳಿದು ಹೋಗುತ್ತಾರೆ, ನನ್ನ ಬಾಯಿಂದ ಯಾಕೆ ಎಂದುಕೊಂಡ. ಮಾತನ್ನು ನುಂಗಿದ, ಕೀಲಿಕೈ ಕೊಟ್ಟ. ಬಂಗಾರ ಕೂಡಿಡುವ ಚಟ ಬಿಡಬೇಕಲ್ಲ.

ಬಡಗಿಯ ಅಂಗಡಿಯಲ್ಲಿ ಚೌಕಟ್ಟು ಸಿದ್ಧವಿತ್ತು, ಕದಗಳಿಗೆ ತಿರುಗಣೆ ಹಾಕಿರಲಿಲ್ಲ. ತಿರುಗಣೆ ಹಾಕಿಸಿ, ತಳ್ಳುಗಾಡಿ ಹಿಡಿದು, ಚೌಕಟ್ಟನ್ನು ಅದರ ಮೇಲೆ ಮಲಗಿಸಿ, ಯಾರಿಗೂ ಕಾಣಬಾರದೆಂದು ಮೇಲೊಂದು ಹಳೇ ಚಾದರ ಹೊದಿಸಿ ಹೊರಟರು. ಒಂದು ಬದಿಗೆ ತಲೆ ತಗ್ಗಿಸಿ ನಡೆಯುವ ಲೈಬ್ರರಿ ಸಾರ್, ಇನ್ನೊಂದು ಬದಿಗೆ ಮುಖ ಗಂಟಿಕ್ಕಿದ ಮೇಸ್ತ್ರಿ, ನಡುವೆ ಉದ್ದಕ್ಕೆ ಹೊದಿಸಿದ ಚಾದರ. ದಾರಿಯಲ್ಲಿ ಇಬ್ಬರು ಸೈಕಲ್ಲಿನಿಂದ ಇಳಿದು ಟೋಪಿ ತೆಗೆದರು.

ಮನೆಯ ಮುಂದೆ ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು, ಫಲಿತಾಂಶ ಹೇಳುವ ದಿನದ ಗತ್ತಿನಲ್ಲಿ ನಿಂತಿದ್ದರು.

“ಬನ್ನಿ, ಬನ್ನಿ, ನೋಡಿ ಬನ್ನಿ. ಒಂದು ಗೆರೆ ಆಚೆ ಈಚೆ ಇಲ್ಲ!”

ಲೈಬ್ರರಿ ಸಾರ್ ಒಳಗೆ ಓಡಿದ. ಎದುರಿನ ಗೋಡೆ, ಹಿತ್ತಲ ಬಾಗಿಲ ಪಕ್ಕದ ಗೋಡೆ, ಬೋಳಾಗಿತ್ತು. ಮೀಟರು ಸೀಮೆಸುಣ್ಣದ ಚೌಕದೊಳಗೆ, ಮೊದಲಿಗಿಂತ ಇನ್ನಷ್ಟು ಬಿಗಿಯಾಗಿ ವಾಪಸು ಬಂದು ಕೂತಿತ್ತು. ಚೌಕಕ್ಕೆ ಮೂಲೆಯಿಂದ ಮೂಲೆಗೆ ಹೊಸದಾಗಿ ಎರಡು ಗೆರೆ ಬೇರೆ ಎಳೆದಿದ್ದರು.

“ಎದುರಿನ ಗೋಡೆಗೆ ಅಂತ ನೀವೇ ಬೆಳಿಗ್ಗೆ ಹೇಳಿದ್ರಲ್ಲ,” ಎಂದರು ಮೇಷ್ಟ್ರು ಹಿಂದಿನಿಂದ. “ಬಂದು ನೋಡಿದ್ರೆ ಮೀಟರು ಈ ಕಡೆ ಇದೆ, ಎದುರಿಗೆ ಗೋಡೆ ಮೇಲೆ ಚೌಕ ಬರೆದಿದೀರಿ. ಇನ್ನೇನು ಬೇಕು ಅರ್ಥ ಆಗೋದಕ್ಕೆ? ಹುಡುಗರು ಅಂದಾಜಿನ ಮೇಲೆ ಹಾಕ್ತೀವಿ ಅಂದ್ರು, ನಾನು ಬಿಡ್ತೀನಾ? ಕರ್ಣ ಎಳೆಸಿ ಮಧ್ಯಬಿಂದು ಹಿಡಿಸಿದೆ. ಅಲ್ಲಿ ಹಳೇ ತೂತೂ ಒಂದಿತ್ತು, ಪೈಪಿಗೆ ಅನುಕೂಲ ಆಯ್ತು.”

ಲೈಬ್ರರಿ ಸಾರ್ ಸಿಮೆಂಟಿನ ಚೀಲದ ಮೇಲೆ ಕುಸಿದ. ಅವರು ಬೆಳಿಗ್ಗೆ ಮಾತಾಡಿದ್ದು ಗೇಟಿನಾಚೆ ನಿಂತು. ಅಡುಗೆಮನೆಗೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕಾಲಿಟ್ಟವರಲ್ಲ. ಯಾವ ಗೋಡೆಯಿಂದ ಯಾವ ಗೋಡೆಗೆ ಎಂದು ಅವರಿಗೆ ಗೊತ್ತಾಗಬೇಕಾದರೆ, ತಾನು ಬಾಯಿ ಬಿಡಬೇಕಿತ್ತು. ಬಿಟ್ಟಿರಲಿಲ್ಲ.

ಮಹಡಿ ಅಕ್ಕ ನಿದ್ದೆ ತಿಳಿದು ಇಳಿದು ಬಂದಳು. ಗೋಡೆ ನೋಡಿದಳು. ಕಣ್ಣುಜ್ಜಿ ಮತ್ತೆ ನೋಡಿದಳು.

“ಲೈಬ್ರರಿ ಸಾರ್! ನಮ್ಮ ತಂಗಿ ಯಜಮಾನ್ರು ಬೆವರು ಸುರಿಸಿ ಸರಿಸಿದ್ದನ್ನ ಯಾವ ಬುದ್ಧಿವಂತ ಕಿತ್ತು ಹಾಕಿದ್ದು ಅಂತ ಕೇಳಿ!”

“ಲೈಬ್ರರಿ ಸಾರ್, ಸರಿಸಿದ ವಿಷಯ ಒಬ್ಬರಾದ್ರೂ ಒಬ್ಬರಿಗೆ ಹೇಳಬೇಕಾಗಿತ್ತು ಅಂತ ಹೇಳಿ!”

“ಮಾತು ಬಿಟ್ಟವರಿಗೆ ನಾನ್ಯಾಕೆ ಹೇಳ್ಲಿ ಅಂತ ಕೇಳಿ!”

“ಮಾತು ಬಿಡಿಸಿದ್ದು ಯಾರ ಹೂಕುಂಡ ಅಂತ ಕೇಳಿ!”

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ನಡುವೆ ಸಿಕ್ಕಿಕೊಂಡ ನೇಗಿಲಿನಂತೆ ಕೂತಿದ್ದ ಲೈಬ್ರರಿ ಸಾರ್. ಜನ್ಮದಲ್ಲಿ ಅವನ ಯಾವ ಕೆಲಸವೂ ಪರಿಚಯದಿಂದ ಆದದ್ದಿಲ್ಲ. ಇವತ್ತು ಒಂದೇ ದಿನ, ಒಂದೇ ಕೆಲಸಕ್ಕೆ ಎರಡು ಪರಿಚಯಗಳು ಫಲಿಸಿ ಒಂದನ್ನೊಂದು ತಿಂದುಹಾಕಿದ್ದವು. ಮೇಸ್ತ್ರಿ ಚೌಕಟ್ಟನ್ನು ಚಾದರದ ಸಮೇತ ನಡುಮನೆಯ ಮೂಲೆಗೆ ಒರಗಿಸಿ, ಟೀ ಕುಡಿದು ಬರುತ್ತೇನೆಂದು ಸನ್ನೆ ಮಾಡಿ ಹೊರಗೆ ಹೋದ. ಹೋಗುವಾಗ ಗಿಲಾವಿನ ಬಾಣಲಿಯನ್ನು ಕಾಲಿನಿಂದ ಅಡುಗೆಮನೆಯ ಕಡೆಗೆ ಸರಿಸಿಟ್ಟು ಹೋದ. ಆ ಬಾಣಲಿ ನೋಡಿದಾಗ ಲೈಬ್ರರಿ ಸಾರ್‌ಗೆ ದುಃಖ ಒತ್ತರಿಸಿ ಬಂತು. ಸಂಜೆ ಅವಳು ಬರುತ್ತಾಳೆ, ಗೋಡೆ ನೋಡುತ್ತಾಳೆ, ‘ಅಭ್ಯಾಸ ಆಗಿದೆ’ ಎನ್ನುತ್ತಾಳೆ.

“ಸಾಕು!” ಎಂದು ಕಿರುಚಿದ.

ಇಬ್ಬರೂ ಬೆಚ್ಚಿದರು. ಆ ಸದ್ದು ಎಲ್ಲಿಂದ ಬಂತೆಂದು ಮೇಷ್ಟ್ರು ಮೇಲೆ ಕೆಳಗೆ ಹುಡುಕಿದರು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ನೀಲಿ ಅಂಗಿಯ ಇಬ್ಬರು, ಹೆಗಲಿಗೆ ಸಲಕರಣೆಯ ಚೀಲ. “ಗ್ಯಾಸ್ ಆಫೀಸಿನಿಂದ. ಮೀಟರು ಸರಿಸೋದಕ್ಕೆ ಅರ್ಜಿ ಕೊಟ್ಟಿದ್ರಲ್ಲ,” ಎಂದ ಹಿರಿಯ. “ಬಂದ್ವಿ.”

ಲೈಬ್ರರಿ ಸಾರ್‌ಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ನೀವು… ಯಾರ ಕಡೆಯವರು?” ಎಂದು ಕೇಳಿದ.

“ಯಾರ ಕಡೆಯವರೂ ಅಲ್ಲ. ಸರದಿ ಪ್ರಕಾರ ಬಂದಿದೀವಿ.” ಹಿರಿಯ ಒಳಗೆ ಬಂದು ಮೀಟರು ನೋಡಿದ, ತೂತುಗಳನ್ನು ನೋಡಿದ, ಹುಬ್ಬು ಗಂಟಿಕ್ಕಿದ. “ಇದನ್ನ ಯಾರು ಹೀಗೆ ಕುಣಿಸಿದ್ದು? ಈಗ ಹೊಸ ನಿಯಮ ಬಂದಿದೆ ಸಾರ್. ಮನೆ ಒಳಗೆ ಮೀಟರು ಇಡೋ ಹಾಗೇ ಇಲ್ಲ. ಆ ಗೋಡೆಗೂ ಇಲ್ಲ, ಈ ಗೋಡೆಗೂ ಇಲ್ಲ. ಮನೆ ಹೊರಗೆ ಹಾಕ್ತೀವಿ. ಪರವಾಗಿಲ್ವಾ?”

“ಮನೆ ಹೊರಗೆ?” ಲೈಬ್ರರಿ ಸಾರ್ ಎದ್ದು ನಿಂತ. “ಹಾಕಿಪ್ಪಾ! ಎಲ್ಲಾದ್ರೂ ಹಾಕಿ! ನನಗೆ ಈ ಗೋಡೆ ಖಾಲಿ ಆಗಬೇಕು, ಅಷ್ಟೇ!”

“ಖಾಲಿ ಮಾಡಿಕೊಡ್ತೀವಿ. ಒಂದ್ಸಲ ಹೊರಗೆ ಹಾಕಿ ಸೀಲು ಮಾಡಿದ್ರೆ ಆಯ್ತು, ಆಮೇಲೆ ಯಾರ ಶಿಫಾರಸೂ ನಡೆಯಲ್ಲ. ಅದನ್ನ ಯಾರೂ ಮುಟ್ಟೋ ಹಾಗಿಲ್ಲ.”

ಶಿಫಾರಸು ನಡೆಯುವುದಿಲ್ಲ ಎಂಬ ಮಾತು ಅವನ ಕಿವಿಗೆ ಜೇನಿನಂತೆ ಬಿತ್ತು. ‘ಕಿಟಕಿ ಬರೋದಿದೆ’ ಎಂದು ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಮಹಡಿ ಅಕ್ಕ ಅಲ್ಲೇ ನಿಂತಿದ್ದಳು, ಕೈಯಲ್ಲಿ ಫೋನಿತ್ತು. ಹೆಂಡತಿ ಬಸ್ಸು ಹತ್ತಿಯಾಗಿತ್ತು. ಇಡೀ ದಿನ ಹಲ್ಲು ಕಚ್ಚಿ ಕಾಪಾಡಿದ ಗುಟ್ಟನ್ನು, ದಡ ಮುಟ್ಟುವಾಗ ನೀರಿಗೆ ಬಿಡುವುದೇ? ಬಿಡಲಿಲ್ಲ.

“ನೀವು ಒಳಗೇ ಇದ್ದು ಈ ಪೈಪಿನ ತುದಿ ಹಿಡ್ಕೊಂಡಿರಿ. ನಾವು ಹೇಳೋವರೆಗೂ ಬಿಡಬೇಡಿ,” ಎಂದು ಹೇಳಿ ಇಬ್ಬರೂ ಮೀಟರು ಕಳಚಿಕೊಂಡು ಮನೆಯ ಪಕ್ಕದ ಸಂದಿಗೆ ನಡೆದರು. ತಮ್ಮಿಂದಾದ ಎಡವಟ್ಟಿಗೆ ಒಳಗೊಳಗೇ ನಾಚಿದ್ದ ಮೇಷ್ಟ್ರೂ ಮಹಡಿ ಅಕ್ಕನೂ, ನಿಂತು ಸರಿಯಾಗಿ ಮಾಡಿಸಿಬಿಡೋಣ ಎಂದು ಅವರ ಹಿಂದೆಯೇ ಹೋದರು.

ಲೈಬ್ರರಿ ಸಾರ್ ಪೈಪು ಹಿಡಿದು, ಗೋಡೆಗೆ ಕೆನ್ನೆ ತಾಗಿಸಿ ನಿಂತ. ಹೊರಗಿನಿಂದ ಮಾತು ಮಂದವಾಗಿ ಕೇಳಿಸುತ್ತಿತ್ತು. ಯಾವ ಮಾತು ಯಾರದ್ದೆಂದು ಮಾತ್ರ ಗೊತ್ತಾಗುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಮಹಡಿ ಅಕ್ಕ ಏನೋ ಬೇಡವೆಂದಳು. ಮೇಷ್ಟ್ರು ಇನ್ನೇನೋ ಬೇಡವೆಂದರು. ಆಮೇಲೆ ಒಂದು ವಿಚಿತ್ರ ನಡೆಯಿತು. ಇಬ್ಬರೂ ನಕ್ಕರು. ಒಟ್ಟಿಗೆ ನಕ್ಕರು. ಬೀದಿಯ ಚರಿತ್ರೆಯಲ್ಲಿ ಆಗದ್ದು ಅದು. ಲೈಬ್ರರಿ ಸಾರ್‌ಗೆ ಮನಸ್ಸು ತುಂಬಿ ಬಂತು. ಒಳ್ಳೆಯದಾಗುವ ದಿನ ಎಲ್ಲವೂ ಕೂಡಿ ಬರುತ್ತದೆ ಎಂದುಕೊಂಡ. ಹೊರಗೆ ಡ್ರಿಲ್ಲು ಗುರ್‌ಗುಟ್ಟಿತು, ಅವನ ಕೆನ್ನೆಯೂ ಹಲ್ಲುಗಳೂ ಸಂತೋಷದಿಂದ ನಡುಗಿದವು.

ಕೆಲಸ ಮುಗಿಸಿ ನೀಲಿ ಅಂಗಿಯವರು ಒಳಗಿನ ತೂತು ಮುಚ್ಚಿದರು, ಒಲೆಯ ಪೈಪನ್ನು ನೆಲದ ಹತ್ತಿರ ಮೂಲೆಯಿಂದ ಒಳಕ್ಕೆ ತಂದರು. ಗೋಡೆ ಖಾಲಿ, ಸ್ವಚ್ಛ. ಲೈಬ್ರರಿ ಸಾರ್ ಅವರ ಕೈಗಳನ್ನು ಹಿಡಿದುಕೊಂಡು ಬಿಡಲೊಲ್ಲ. ಅವರು ಬಿಡಿಸಿಕೊಂಡು ಹೋದರು.

ಮೇಸ್ತ್ರಿ ಮುಂಬಾಗಿಲಿನಿಂದ ಬಂದ. ಬೋಳು ಗೋಡೆ ಕಂಡು ಬಾಯಿ ಬಿಟ್ಟ.

“ಹೊಡೀರಿ!” ಎಂದ ಲೈಬ್ರರಿ ಸಾರ್. “ಇನ್ನು ಒಂದು ಕ್ಷಣ ಕಾಯಬೇಡಿ. ಇನ್ಯಾರೋ ಬಂದು ವಾಪಸು ಹಾಕೋದಕ್ಕೆ ಮೊದ್ಲು ಹೊಡೀರಿ!”

ಮೇಸ್ತ್ರಿ ಉಳಿ ಸುತ್ತಿಗೆ ಎತ್ತಿಕೊಂಡ. ಮೇಷ್ಟ್ರು ಎಳೆದಿದ್ದ ಕರ್ಣಗಳು ಕೂಡುವಲ್ಲೇ, ನಟ್ಟನಡುವೆ ಶುರುಮಾಡಿದ. ಹಳೇ ಗಾರೆ ಉದುರಿತು, ಇಟ್ಟಿಗೆಯ ಅಂಚು ಬಿಟ್ಟುಕೊಂಡಿತು, 'ಅಯ್ಯಯ್ಯೋ ಏನದು ಸದ್ದು' ಎಂದು ಹೊರಗೆ ಮಹಡಿ ಅಕ್ಕ ಕೂಗಿದ್ದೂ ಕೇಳಿಸಿತು. ಮೊದಲನೇ ಇಟ್ಟಿಗೆ ಕಿತ್ತು ಕೆಳಗಿಟ್ಟ. ಅದರ ಹಿಂದಿನದನ್ನೂ ಕಿತ್ತ. ಲೈಬ್ರರಿ ಸಾರ್ ಉಸಿರು ಬಿಗಿಹಿಡಿದ. ಇನ್ನೇನು ಬೆಳಕು ಬರಬೇಕು.

ಬರಲಿಲ್ಲ.

ಮೇಸ್ತ್ರಿ ಬಗ್ಗಿ ಕಿಂಡಿಯೊಳಗೆ ನೋಡಿದ. ಕೈ ತೂರಿಸಿ ಬೆರಳಿನಿಂದ ತಟ್ಟಿದ. ಟಣ್ ಟಣ್ ಎಂದು ತಗಡಿನ ಸದ್ದು.

“ಸಾರ್,” ಎಂದ. “ಅವರು ಮೀಟರು ಎಲ್ಲಿಗೆ ಹಾಕಿದ್ರು?”

“ಹೊರಗೆ.”

“ಹೊರಗೆ ಅಂದ್ರೆ?”

ಲೈಬ್ರರಿ ಸಾರ್ ಮೇಸ್ತ್ರಿಯನ್ನು ಪಕ್ಕಕ್ಕೆ ಸರಿಸಿ ಕಿಂಡಿಗೆ ಕಣ್ಣಿಟ್ಟ. ಒಂದು ಗೇಣು ಆಚೆಗೆ, ಇದೇ ಗೋಡೆಯ ಬೆನ್ನಿಗೆ, ಹೊಚ್ಚಹೊಸ ಕಬ್ಬಿಣದ ಪಟ್ಟಿಗಳ ನಡುವೆ ಮೀಟರು ಅವನಿಗೆ ಬೆನ್ನು ತಿರುಗಿಸಿಕೊಂಡು ಕೂತಿತ್ತು.

“ಹೇಗಿದೆ ಜಾಗ?” ಎಂದು ಸಂದಿಯಿಂದ ಮೇಷ್ಟ್ರ ದನಿ ಬಂತು. “ನನ್ನ ಗೇಟಿನ ಕಡೆ ಬೇಡ ಅಂತ ನಾನಂದೆ, ಬಚ್ಚಲ ಪೈಪಿನ ಕಡೆ ಬೇಡ ಅಂತ ಇವರಂದ್ರು. ಕೊನೆಗೆ ಇಬ್ರಿಗೂ ಒಪ್ಪಿಗೆ ಆಗಿದ್ದು ಇದೊಂದೇ ಜಾಗ! ಒಳಗಿದ್ದ ಜಾಗಕ್ಕೆ ನೇರ ಹಿಂದೆ. ಪೈಪೂ ಉಳೀತು.”

“ಅದೇನು ಲೈಬ್ರರಿ ಸಾರ್, ನಿಮ್ಮ ಮನೆಯವರು ಫೋನಲ್ಲಿ ಕಪಾಟು ಅಂದ್ರು, ಕಪಾಟಿಗೆ ಯಾರಾದ್ರೂ ಗೋಡೆ ತೂತು ಮಾಡ್ತಾರಾ?” ಎಂದಿತು ಮಹಡಿ ಅಕ್ಕನ ದನಿ.

ಲೈಬ್ರರಿ ಸಾರ್ ತಿರುಗಿದ. ಅವನ ಹೆಂಡತಿ ಚೀಲ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಡುಮನೆಯ ಮೂಲೆಯಲ್ಲಿ ಚಾದರ ಜಾರಿ ಬಿದ್ದು, ಕದಗಳ ಸಮೇತ ಚೌಕಟ್ಟು ಕಾಣುತ್ತಿತ್ತು. ಆಕೆ ಅದನ್ನು ನೋಡಿದಳು, ಗೋಡೆಯ ಚೌಕ ನೋಡಿದಳು, ಗಾರೆ ಮೆತ್ತಿದ ಗಂಡನ ಮುಖ ನೋಡಿದಳು.

“ಕಿಟಕಿನಾ?” ಎಂದಳು.

“ಹೂಂ.”

ಒಂದು ಗಳಿಗೆ ಆಕೆಯ ಮುಖ ಹೇಗಾಯಿತೆಂದರೆ, ಅದಕ್ಕಾಗಿಯೇ ಅವನು ಇಷ್ಟೆಲ್ಲ ಪಾಡು ಪಟ್ಟಿದ್ದು. ಚೀಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗುವಿನಂತೆ ಕುತೂಹಲದಿಂದ ಬಂದು ಕಿಂಡಿಗೆ ಬಗ್ಗಿದಳು. ಮೀಟರಿನ ಪಕ್ಕ ಒಂದು ಬೆರಳಷ್ಟು ಸಂದು ಉಳಿದಿತ್ತು. ಅಲ್ಲಿಂದ ಮರ ಕಾಣಲಿಲ್ಲ. ಆ ಸಂದಿನಲ್ಲಿ ಮಹಡಿ ಅಕ್ಕನ ಒಂದು ಕಣ್ಣು ಬಂದು ನಿಂತಿತು. ಅದು ಒಲೆ ನೋಡಿತು, ಪಾತ್ರೆ ನೋಡಿತು, ಡಬ್ಬಗಳ ಸಾಲನ್ನು ಒಂದೊಂದಾಗಿ ಎಣಿಸಿತು.

“ಓ, ಬಂದ್ಯಾ? ಏನಮ್ಮಾ, ನಿನ್ನ ಅಡುಗೆಮನೆ ಇಲ್ಲಿಂದ ಚೆನ್ನಾಗಿ ಕಾಣತ್ತೆ! ಇಷ್ಟು ವರ್ಷ ಆಯ್ತು, ನಾನು ಒಂದ್ಸಲನೂ…”

ಹೆಂಡತಿ ಬಗ್ಗಿ ನೆಲದ ಮೇಲಿನ ಇಟ್ಟಿಗೆ ಎತ್ತಿಕೊಂಡಳು. ಧೂಳು ಊದಿದಳು. ಮೆಲ್ಲಗೆ, ಅದು ಇದ್ದ ಜಾಗದಲ್ಲೇ ವಾಪಸು ಇಟ್ಟಳು. ಮಹಡಿ ಅಕ್ಕನ ಮಾತು ಅರ್ಧಕ್ಕೆ ನಿಂತಿತು.

“ಗಿಲಾವು ಮಾಡಿಬಿಡಿ ಮೇಸ್ತ್ರಿ,” ಎಂದಳು.

ಮೇಸ್ತ್ರಿ ಬಾಣಲಿ ಹತ್ತಿರಕ್ಕೆ ಎಳೆದುಕೊಂಡ. ಲೈಬ್ರರಿ ಸಾರ್‌ಗೆ ಇಡೀ ದಿನ ನುಂಗಿದ ಮಾತುಗಳನ್ನೆಲ್ಲ ಈಗ ಹೇಳಬೇಕೆನಿಸಿತು, ಒಂದೂ ಬರಲಿಲ್ಲ. ಹೆಂಡತಿ ದೀಪದ ಸ್ವಿಚ್ಚು ಒತ್ತಿದಳು, ನಲ್ಲಿ ತಿರುಗಿಸಿ, ಗೋಡೆಗೆ ಮುಖ ಮಾಡಿ ಕೈ ತೊಳೆದುಕೊಂಡಳು.

“ಬಣ್ಣ ಮಾತ್ರ ಸ್ವಲ್ಪ ತಿಳಿಯಾಗಿರೋದು ಹೊಡೆಸಿ ಕಣ್ರೀ,” ಎಂದಳು.